ಮೆಟ್ಟಿಲ ಬುಡದ ಜಾಗ

ನನ್ನ ನೆನಪಿಗೆ ತುಕ್ಕು ಹಿಡಿದಿದೆ ಎಂದವರು ಯಾರಪ್ಪ? ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವವರು ನನಗೆ ಬುದ್ಧಿ ಹೇಳಲು ಬರಬೇಡಿ. ಬಾಯಿ ಮುಚ್ಚಿಕೊಂಡು ಕೇಳಿ.

ಒಂದು ಮನೆಗೆ ಇಬ್ಬರು ಅಳಿಯಂದಿರು. ಇಬ್ಬರೂ ರಾಯಭಾರಿಗಳ ಕಾರು ಓಡಿಸುವವರು. ದೊಡ್ಡಳಿಯನದು ದೊಡ್ಡ ದೇಶದ ಕಾರು. ಆ ದೇಶ ಹುಬ್ಬು ಗಂಟಿಕ್ಕಿದರೆ ಉಳಿದವರ ಗಂಟಲು ಒಣಗುತ್ತಿದ್ದ ಕಾಲ. ಚಿಕ್ಕಳಿಯನದು ಭೂಪಟದಲ್ಲಿ ಬೆರಳಿಟ್ಟರೆ ಮುಚ್ಚಿಹೋಗುವ ಪುಟ್ಟ ದೇಶದ್ದು. ಸಮ್ಮೇಳನ ಭವನದ ಮೆಟ್ಟಿಲ ಬುಡದಲ್ಲಿ, ತಂಪು ನೆರಳಿನಲ್ಲಿ, ನಿಲ್ಲುತ್ತಿದ್ದದ್ದು ದೊಡ್ಡಳಿಯನ ಕಾರು. ಚಿಕ್ಕವನು ಗೇಟಿನಾಚೆ ಬಿಸಿಲಲ್ಲಿ ಬೇಯುತ್ತಿದ್ದ. ಮಾವನ ಮನೆಯಲ್ಲೂ ಅದೇ ಲೆಕ್ಕ: ಮಾವನ ಪಕ್ಕದ ಕುರ್ಚಿ ದೊಡ್ಡವನಿಗೆ, ಬಾಗಿಲ ಬಳಿಯ ಸ್ಟೂಲು ಚಿಕ್ಕವನಿಗೆ.

ಆಮೇಲೆ ಪುಟ್ಟ ದೇಶ ಬಂದರು ಕಟ್ಟಿತು, ಹಡಗು ಕಟ್ಟಿತು, ಕಂಡಕಂಡವರಿಗೆ ಯಂತ್ರ ಮಾರಿತು. ದೊಡ್ಡ ದೇಶ ಯುದ್ಧದ ಮೇಲೆ ಯುದ್ಧ ಮಾಡಿ ಸುಸ್ತಾಯಿತು. ವರ್ಷ ಕಳೆದಂತೆ ಚಿಕ್ಕಳಿಯನ ಕಾರು ಒಂದೊಂದೇ ಜಾಗ ಮುಂದೆ ಬಂತು. ಕೊನೆಗೊಂದು ದಿನ ಕಾವಲುಗಾರ ದೊಡ್ಡಳಿಯನ ಕಿಟಕಿ ತಟ್ಟಿದ.

"ಸ್ವಲ್ಪ ಹಿಂದಕ್ಕೆ ತಗೊಳ್ಳಿ ಸಾರ್, ಅವರ ಗಾಡಿ ಬರ್ತಿದೆ."

ದೊಡ್ಡಳಿಯನ ಹೊಟ್ಟೆಗೆ ಕೆಂಡ ಬಿತ್ತು. ದೇಶ ಮುಳುಗಲಿ, ತೇಲಲಿ, ಅವನಿಗೇನು? ಆ ಜಾಗ ಅವನದು! ಅದೇ ವಾರ ಮಾವನೂ "ಬಾರಪ್ಪ, ಇಲ್ಲಿ ಕೂತ್ಕೋ" ಎಂದು ಚಿಕ್ಕವನನ್ನು ಪಕ್ಕಕ್ಕೆ ಕರೆದುಬಿಟ್ಟ.

ಒಂದು ಮಧ್ಯಾಹ್ನ ಸಭೆ ಮುಗಿಯುವ ಹೊತ್ತಿಗೆ ಚಿಕ್ಕಳಿಯನ ಕಾರು ಸ್ಟಾರ್ಟ್ ಆಗಲಿಲ್ಲ. ರೇಡಿಯೊ ಕೇಳಿ ಕೇಳಿ ಬ್ಯಾಟರಿ ಖಾಲಿ ಮಾಡಿದ್ದ. ಬೆವರುತ್ತ ಓಡಿಬಂದ.

"ಭಾವ, ನಿಮ್ಮ ಬ್ಯಾಟರಿಗೆ ಸಿಗಿಸೋ ಕೇಬಲ್ ಇದ್ರೆ ಕೊಡಿ! ಸಾಹೇಬ್ರು ಬಂದ್ಬಿಡ್ತಾರೆ!"

ಕೇಬಲ್ ದೊಡ್ಡವನ ಡಿಕ್ಕಿಯಲ್ಲೇ ಬಿದ್ದಿತ್ತು.

"ಇಲ್ವಲ್ಲಪ್ಪ. ದೊಡ್ಡೋರ ಗಾಡಿ ನಿಂದು, ನಮ್ಮಂಥೋರ ಹತ್ರ ಏನಿರತ್ತೆ? ತಳ್ಕೊಂಡು ಹೋಗು" ಎಂದು ದೊಡ್ಡಳಿಯ ಗಾಜು ಏರಿಸಿದ.

ಅಷ್ಟರಲ್ಲಿ ಇಬ್ಬರು ರಾಯಭಾರಿಗಳೂ ಒಟ್ಟಿಗೆ ಮೆಟ್ಟಿಲಿಳಿದರು. ಪುಟ್ಟ ದೇಶದವರು ಕೆಟ್ಟು ನಿಂತ ಕಾರು ನೋಡಿ ಮುಖ ಕಿವುಚಿದ್ದೇ ತಡ, ದೊಡ್ಡ ದೇಶದವರು ಓಡೋಡಿ ಬಂದು, "ನಮ್ಮ ಗಾಡೀಲಿ ಬನ್ನಿ, ದಯವಿಟ್ಟು" ಎಂದು ತಾವೇ ಹಿಂಬಾಗಿಲು ತೆಗೆದರು. ಅತಿಥಿ, ಅತಿಥಿಯ ಕಾರ್ಯದರ್ಶಿ, ಕಂತೆ ಕಂತೆ ಫೈಲು, ಹಿಂದಿನ ಸೀಟು ತುಂಬಿಹೋಯಿತು. ದೊಡ್ಡ ದೇಶದ ಸಾಹೇಬರು ಡ್ರೈವರ್ ಪಕ್ಕ ಮೊಣಕಾಲು ಮಡಚಿ ಕೂತರು.

"ನಿಧಾನಕ್ಕೆ ಓಡಿಸಪ್ಪ, ಅವರಿಗೆ ಕುಲುಕಬಾರ್ದು" ಎಂದು ಪಿಸುಗುಟ್ಟಿದರು.

ಕೇಬಲ್ ಕೊಟ್ಟಿದ್ದರೆ ಷಡ್ಡಕನ ಸಾಹೇಬನಿಗೆ ಸಾರಥಿಯಾಗುವ ಗತಿ ಬರುತ್ತಿತ್ತೇ?

ಭಾನುವಾರ ಮಾವನ ಮನೆಯಲ್ಲಿ ಎಲ್ಲರೆದುರು ಚಿಕ್ಕಳಿಯ ಬಾಯಿ ಬಿಟ್ಟ.

"ಭಾವ, ನೀವು ಓಡಿಸಿದ್ದು ನಮ್ಮ ಸಾಹೇಬ್ರಿಗೆ ಹಿಡಿಸ್ತಂತೆ. ಎರಡನೇ ಗಾಡಿಗೆ ಕರೀತಿದ್ದಾರೆ, ಬರ್ತೀರಾ?"

"ಮುಂದೆ ಹೋಗೋ ಗಾಡಿ ಯಾರದ್ದು?"

"ನಂದೇ."

ದೊಡ್ಡಳಿಯ ಮರುದಿನವೇ ಇದ್ದ ಕೆಲಸವನ್ನೂ ಬಿಟ್ಟ. ಈಗತಾನೇ ಬಂದರಿಗೆ ಅಡಿಗಲ್ಲು ಹಾಕಿದ, ಯಾರೂ ಹೆಸರು ಕೇಳರಿಯದ ಒಂದು ಮೂರನೇ ದೇಶದ ಕಾರಿಗೆ ಸೇರಿಕೊಂಡ. ಪೇಪರ್ ಬಿಚ್ಚಿದರೆ ಮೊದಲು ಹುಡುಕುವುದು ಆ ದೇಶದ ಸುದ್ದಿಯನ್ನೇ.

"ನೋಡ್ತಿರು, ಒಂದಿನ ಅವನ ಗಾಡಿ ಮುಂದೆ ನಂದು ನಿಲ್ಲಿಸ್ತೀನಿ" ಎನ್ನುತ್ತಾನೆ.

"ಅಷ್ಟೊತ್ತಿಗೆ ನಿಮಗೆ ರಸ್ತೆ ಕಂಡ್ರೆ ಸಾಕು" ಎನ್ನುತ್ತಾಳೆ ಹೆಂಡತಿ.

ಕೇಳಿಯಾಯಿತಲ್ಲ? ಇದನ್ನು ನಿಮ್ಮ ನಿಮ್ಮ ಷಡ್ಡಕರಿಗೂ ಕಳಿಸಿ. ಪೂರ್ತಿ ಕೇಳಿದರೋ, ನಡುವೆಯೇ ಸಿಡುಕಿದರೋ, ನನಗೂ ತಿಳಿಸಿ.