ಅತ್ತೆಯ ಬರಿಗಾಲು

ನಮ್ಮತ್ತೆ ಮುನಿಗಂಗಮ್ಮನಿಗೆ ಸಕ್ಕರೆ ಕಾಯಿಲೆ. ಬಲಗಾಲ ಹೆಬ್ಬೆರಳಿನ ಹುಣ್ಣು ಮಾಯುವಷ್ಟರಲ್ಲಿ ಮನೆಮಂದಿಯೆಲ್ಲ ಹಣ್ಣಾಗಿದ್ದೆವು. ದಿನಾ ನಡೆಯಬೇಕು, ಆದರೆ ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಕೂಡದು, ಇನ್ನೊಂದು ಗಾಯವಾದರೆ ಬೆರಳನ್ನೇ ತೆಗೆಯಬೇಕಾದೀತು ಎಂದು ಹೊಸಕೋಟೆಯ ಡಾಕ್ಟರು ನನ್ನ ಮುಖ ನೋಡಿಕೊಂಡೇ ಹೇಳಿದರು. ಯಾರು ಎಡವಿದರೂ ಬೈಸಿಕೊಳ್ಳುವವಳು ಸೊಸೆ ತಾನೆ.

ಜಡಿಗೇನಹಳ್ಳಿ ಕಡೆಯ ನಮ್ಮೂರಿನ ಹೊಳೆದಂಡೆಗೆ ಹೋದ ವರ್ಷ ಪಾರ್ಕು ಬಂತು. ಪಿನಾಕಿನಿಯ ಪಕ್ಕದ ಏರುತಗ್ಗನ್ನೆಲ್ಲ ಜೆಸಿಬಿಯಲ್ಲಿ ಮಟ್ಟ ಮಾಡಿ, ಜಲ್ಲಿ ಹಾಕಿ ದಾರಿ ಬಿಟ್ಟು, ಬೆಂಚು ಕೂರಿಸಿ, ಹೊಸದಾಗಿ ಸಸಿ ನೆಟ್ಟಿದ್ದಾರೆ. ನಾನು ಅತ್ತೆಗೆ ಮೆತ್ತನೆಯ ಶೂ ತಂದುಕೊಟ್ಟು ಬೆಳಿಗ್ಗೆ ಜೊತೆಗೆ ಕರೆದುಕೊಂಡು ಹೋಗತೊಡಗಿದೆ.

ಈ ಹೆಂಗಸು ಗೇಟಿನವರೆಗೆ ಶೂ ಹಾಕಿಕೊಂಡು ಬಂದು, ಒಳಗೆ ಕಾಲಿಡುವ ಮೊದಲು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು. ಹೇಳಿದೆ, ಗದರಿದೆ, ನನ್ನ ಗಂಡನಿಂದ ಹೇಳಿಸಿದೆ. ಕಲ್ಲಿನ ಮೇಲೆ ನೀರು ಸುರಿದ ಹಾಗಾಯಿತು.

"ಗಂಗಮ್ಮ ಶೂಗೆ ವಾಕಿಂಗ್ ಮಾಡಿಸ್ತಾವ್ಳೆ," ಎಂದು ನೆರೆಮನೆಯ ಲಕ್ಕಮ್ಮ ಬೆಂಚಿನಿಂದ ನಗೆಯಾಡುತ್ತಿದ್ದಳು. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು.

ಮೊನ್ನೆ ಅತ್ತೆಯ ಹಿಂದೆಯೇ ನಡೆಯುತ್ತಿದ್ದೆ. ಜಲ್ಲಿಯ ಮೇಲೆ ರಕ್ತದ ಕಲೆ ಕಂಡಿತು. ಜಲ್ಲಿಚೂರು ಚುಚ್ಚಿ ಅಂಗಾಲು ಸೀಳಿತ್ತು, ಕಾಯಿಲೆಗೆ ಕಾಲು ಮರಗಟ್ಟಿದ್ದ ಅವರಿಗೆ ಅದು ಗೊತ್ತೇ ಆಗಿರಲಿಲ್ಲ. ನನಗೆ ಹೆದರಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ಬೆಂಚಿನ ಮೇಲೆ ಕೂರಿಸಿ, ಕರ್ಚೀಫು ಕಟ್ಟುತ್ತಾ, ಲಕ್ಕಮ್ಮನ ಎದುರಿಗೇ ಬೈದೆ.

"ಬೆರಳು ಹೋದ್ರೆ ಯಾರು ನೋಡ್ಕೊಳೋದು ಅತ್ತೆ? ಇದೇನು ದೇವಸ್ಥಾನಾನಾ, ಹೊರಗೆ ಬಿಚ್ಚಿ ಬರೋಕೆ?"

ಅತ್ತೆ ಹೊಳೆಯ ಕಡೆ ನೋಡುತ್ತಾ ಹೇಳಿದರು. "ನನ್ನ ಚೊಚ್ಚಲ ಮಗ ಇಲ್ಲೇ ಅವ್ನೆ ಕಣಮ್ಮ."

ನನ್ನ ಗಂಡನಿಗಿಂತ ಮೊದಲು ಹುಟ್ಟಿದ ಮಗುವೊಂದು ಬಾಣಂತನದಲ್ಲೇ ತೀರಿಕೊಂಡಿತ್ತೆಂದು ಕೇಳಿದ್ದೆ, ಅಷ್ಟೇ.

"ಹಲ್ಲು ಬರದ ಕೂಸುಗಳ್ನ ಹೊಳೆದಂಡೇಲೇ ಮಣ್ಣು ಮಾಡೋರು. ಬಾಣಂತಿ ಹೊರಗೆ ಬರ್ಬಾರ್ದು ಅಂತ ನನ್ನ ಕರ್ಕೊಂಡು ಬರ್ಲಿಲ್ಲ. ಹೊಂಗೆ ಮರದ ಬುಡ ಅಂದ್ರು ನಮ್ಮಾವ. ಆಮೇಲೆ ಬಂದು ನೋಡ್ತೀನಿ, ದಂಡೆ ತುಂಬ ಹೊಂಗೆ. ಯಾವ ಬುಡ ಅಂತ ಕೇಳೋಕೆ ಬಾಯಿ ಬರ್ಲಿಲ್ಲ. ಈಗ ಆ ಮರಗಳೂ ಇಲ್ಲ. ಎಲ್ಲಿ ತುಳೀತೀನೋ ಏನೋ. ಮಗನ ಮೇಲೆ ಶೂ ಇಕ್ಕೊಂಡು ಓಡಾಡ್ಲಾ?"

ಲಕ್ಕಮ್ಮ ಈಗ ಏನಾದರೂ ಕೊಂಕು ತೆಗೆಯುತ್ತಾಳೆಂದು ಅವಳ ಕಡೆ ತಿರುಗಿದೆ. ಅವಳು ಮಂಡಿ ಹಿಡಿದುಕೊಂಡು ಬಗ್ಗಿ ತನ್ನ ಚಪ್ಪಲಿ ಬಿಚ್ಚುತ್ತಿದ್ದಳು.

"ನಂದೂ ಎರಡು ಇಲ್ಲೇ ಅವೆ," ಎಂದಳು.

ಅತ್ತೆ ಅವಳನ್ನೇ ನೋಡಿದರು. ಒಂದೇ ಹೊಲದಲ್ಲಿ ಕಳೆ ಕಿತ್ತವರು, ಒಬ್ಬರ ಮನೆಯ ಹುಳಿ ಇನ್ನೊಬ್ಬರಿಗೆ ಬಡಿಸಿದವರು. ಇಷ್ಟು ವರ್ಷ ಇದೊಂದನ್ನು ಮಾತ್ರ ಹೇಳಿಕೊಂಡಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಲಕ್ಕಮ್ಮ ಬೆಂಚಿನ ಪಕ್ಕದ ಹೊಂಗೆ ಸಸಿ ತೋರಿಸಿದಳು. "ನೋಡು ಗಂಗಮ್ಮ, ನಿಂಗೂ ಬುಡ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಇದೇ ಅಂದ್ಕೊಳಾಣ. ಇಲ್ಲಿ ಮಾತ್ರ ಬಿಚ್ಚಾಣ. ಮಿಕ್ಕಿದ್ ಕಡೆ ಕಾಲಿಗೆ ಮೆಟ್ಕೊಂಡೇ ನಡಿ."

"ಅವ್ನು ಇಲ್ಲಿಲ್ದಿದ್ರೆ?"

"ಕರೆದ್ರೆ ಬರ್ತಾವೆ. ಮಕ್ಕಳಲ್ವಾ."

"ಏನಂತ ಕರೀಲಿ? ಹೆಸರೇ ಇಕ್ಕಿರ್ಲಿಲ್ಲ."

"ಕಂದಾ ಅನ್ನು. ನನ್ನವೂ ಬರ್ತಾವೆ."

ಅತ್ತೆ ನನ್ನ ಭುಜ ಹಿಡಿದು ಎದ್ದು ಕುಂಟುತ್ತಾ ಸಸಿಯ ಹತ್ತಿರ ಹೋದರು. ನಾನು ತಂದಿದ್ದ ಬಾಟಲಿಯ ನೀರನ್ನು ಬುಡಕ್ಕೆ ಹಾಕಿದರು. ಆಮೇಲೆ ಮೆಲ್ಲಗೆ, ಪಕ್ಕದ ಕೋಣೆಯಲ್ಲಿ ಮಲಗಿರುವವರನ್ನು ಎಬ್ಬಿಸುವ ಹಾಗೆ, "ಕಂದಾ," ಎಂದರು.

ಬೆಂಚಿಗೆ ಮರಳಿ ಕಟ್ಟು ಕಟ್ಟಿದ ಕಾಲನ್ನು ನನ್ನ ಮುಂದೆ ಚಾಚಿದರು.

"ಶೂ ಹಾಕಮ್ಮ. ಬಿಗಿಯಾಗಿ ಕಟ್ಟು. ಗಾಯ ಮಾದ ಮೇಲೆ ದಿನಾ ಬರ್ಬೇಕು."