ಇನ್ನಾಸಪ್ಪನವರು ವಾದ ಬಿಟ್ಟ ತಪಸ್ಸುಕಾಲ

ರಾಜಾಜಿನಗರದ ಲೇತ್ ಕಾರ್ಖಾನೆಯ ಇನ್ನಾಸಪ್ಪನವರು ವಾದಕ್ಕಿಳಿಯುವ ಮೊದಲು ಕೋಟಿನ ಗುಂಡಿಗಳನ್ನು ಬಿಚ್ಚುತ್ತಿದ್ದರು. ಚಳಿಯಿರಲಿ, ಬಿಸಿಲಿರಲಿ, ಮೈಮೇಲೆ ಇದ್ದೇ ಇರುತ್ತಿದ್ದ ಆ ಕಂದು ಕೋಟು ಸಡಿಲಗೊಂಡು, ಬಲಗೈಯ ತೋರುಬೆರಳು ತಲೆಗಿಂತ ಮೇಲೇರಿ, "ತಡೀರಿ ಸ್ವಾಮಿ, ಒಂದು ಮಾತು" ಎಂಬ ಉದ್ಘೋಷ ಹೊರಟಿತೆಂದರೆ ಬೀದಿಯವರು ಕೈಗೆಲಸ ಬಿಟ್ಟು ಕೂರುತ್ತಿದ್ದರು. ಮಳೆ ಬರುವ ದಿಕ್ಕಿನಿಂದ ಹಿಡಿದು ಮೋಕ್ಷದ ದಾರಿಯವರೆಗೆ ಅವರು ವಾದಿಸದ ವಿಷಯವಿರಲಿಲ್ಲ. ಅವರು ಸೋತದ್ದನ್ನು ಕಂಡವರೂ ಇರಲಿಲ್ಲ. ನಡಿಗೆಯೂ ಹಾಗೆಯೇ: ಎದುರಾಳಿ ಮುಂದಿನ ತಿರುವಿನಲ್ಲೇ ಕಾದಿರುವನೇನೋ ಎಂಬ ಧಾವಂತದ ದಾಪುಗಾಲು.

ಯೇಸುಸ್ವಾಮಿಯ ಯಾತನೆಯನ್ನು ನೆನೆಯುತ್ತ ಪಾಸ್ಕ ಹಬ್ಬದವರೆಗೆ, ಎಂದರೆ ಈಸ್ಟರ್‌ವರೆಗೆ, ಕ್ಯಾಥೋಲಿಕರು ಮಾಂಸದಂಥ ಇಷ್ಟದ್ದೊಂದನ್ನು ಬಿಟ್ಟು ಆಚರಿಸುವ ತಪಸ್ಸುಕಾಲ ಬಂದಾಗ ಉಳಿದವರ ಮುಖವನ್ನು ಗಾಂಭೀರ್ಯ ಆವರಿಸಿದರೆ, ಇನ್ನಾಸಪ್ಪನವರಿಗೆ ಮಾತ್ರ ಅಖಾಡಕ್ಕಿಳಿಯಲಿರುವ ಪೈಲ್ವಾನನ ಹುರುಪು. ಎಪ್ಪತ್ತರ ದಶಕದ ನಡುವೆ ಒಮ್ಮೆ, ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ, ಹಣೆಯ ಮೇಲೆ ಬೂದಿಯ ಶಿಲುಬೆ ಧರಿಸಿ ಚರ್ಚಿನಿಂದ ಓಡೋಡಿ ಬಂದವರು ಹೊಸಿಲು ದಾಟುವ ಮೊದಲೇ ಹೆಂಡತಿಯನ್ನು ಕೂಗಿದರು: "ಜ್ಞಾನಾ, ಮಾಂಸ ಬಿಡೋದು ಯಾವ ಮಹಾ! ಈ ಸಲ ವಾದ ಬಿಡ್ತೀನಿ ಕಣೇ."

ಜ್ಞಾನಮ್ಮ ಸೌಟು ಹಿಡಿದೇ ನಕ್ಕರು. "ಊಟಾನೇ ಬಿಡ್ತೀನಿ ಅಂದಿದ್ರೆ ನಂಬ್ತಿದ್ದೆ."

"ಆಗಲ್ಲ ಅಂತೀಯಾ? ತಡಿ, ಒಂದು ಮಾತು..." ಎಂದವರು ನಾಲಿಗೆ ಕಚ್ಚಿಕೊಂಡರು. ಅದು ವ್ರತದ ಮೊದಲ ಗಾಯ.

ಸುದ್ದಿ ಪಕ್ಕದ ಮನೆಗೆ ತಲುಪಿತು. ಹಣೆತುಂಬ ವಿಭೂತಿ ಧರಿಸುತ್ತಿದ್ದ ಅಲ್ಲಿನ ಚನ್ನವೀರಪ್ಪ ಮೇಷ್ಟ್ರು ಇನ್ನಾಸಪ್ಪನವರ ನಿತ್ಯದ ಪ್ರತಿವಾದಿ. ಮರುದಿನ ಸಂಜೆ ಜಗಲಿಗೆ ಬಂದು ಬೇಕೆಂದೇ ಕೆಣಕಿದರು: "ಏನೇ ಹೇಳಿ, ರಾಗಿಗಿಂತ ಜೋಳಾನೇ ಶ್ರೇಷ್ಠ." ಕೂತಿದ್ದವರೆಲ್ಲ ಉಸಿರು ಬಿಗಿಹಿಡಿದರು. ಇನ್ನಾಸಪ್ಪನವರ ಕತ್ತಿನ ನರ ಉಬ್ಬಿತು. ಕೈ ಗುಂಡಿಯ ಬಳಿ ಹೋಗಿ ಹಿಂದಿರುಗಿತು. "ಇರಬಹುದು ಮೇಷ್ಟ್ರೇ" ಎಂದರು. ಗೆದ್ದ ಮೇಷ್ಟ್ರಿಗೆ ಅಂದು ಊಟವೇ ರುಚಿಸಲಿಲ್ಲವಂತೆ.

ದಿನ ಕಳೆದಂತೆ ಇನ್ನಾಸಪ್ಪನವರಲ್ಲಿ ವಿಚಿತ್ರವಾದ ಉಲ್ಲಾಸವೊಂದು ಉಕ್ಕತೊಡಗಿತು. ಉತ್ತರ ಹೊಸೆಯುವ ಕೆಲಸವಿಲ್ಲದ ಕಿವಿಗೆ ಇತರರ ಮಾತು ಮೊದಲ ಬಾರಿಗೆ ಪೂರ್ತಿಯಾಗಿ ಕೇಳಿಸುತ್ತಿತ್ತು. ಆ ಹುರುಪಿನಲ್ಲೇ, ಪಾಸ್ಕಕ್ಕೆ ಒಂದು ವಾರ ಮೊದಲಿನ ಗರಿಗಳ ಭಾನುವಾರ, ಚರ್ಚಿನಲ್ಲಿ ಪೂಜೆ ಮುಗಿದೊಡನೆ, ಹೆಂಡತಿಗೂ ಹೇಳದೆ ಕೆಂಗೇರಿಯ ಬಸ್ಸು ಹತ್ತಿದರು. ಅಲ್ಲಿ ಅಣ್ಣ ಚೌರಪ್ಪನವರ ಮನೆ. ತಾಯಿಯ ಸಮಾಧಿಯ ಎದುರಿನಲ್ಲೇ ಜಗಳವಾಡಿ ಬೇರೆಯಾದ ಅಣ್ಣತಮ್ಮಂದಿರು ಪರಸ್ಪರ ಮುಖ ನೋಡಿ ವರ್ಷಗಳೇ ಆಗಿದ್ದವು.

ಚೌರಪ್ಪನವರು ಬಾಗಿಲಿಗೆ ಅಡ್ಡ ನಿಂತರು. "ಯಾಕೆ ಬಂದೆ? ಜ್ವರ ಏರ್ತಿದ್ರೂ ಅಮ್ಮನ್ನ ಆಸ್ಪತ್ರೆಗೆ ಸೇರಿಸದೆ, ನಾಳೆ ನೋಡೋಣ ಅಂದವನು ನೀನೇ ತಾನೆ?"

ಇದಕ್ಕೆ ಇನ್ನಾಸಪ್ಪನವರ ಬಳಿ ವರ್ಷಗಳಿಂದ ಸಾಣೆ ಹಿಡಿದಿಟ್ಟ ಉತ್ತರವಿತ್ತು: ಭಯವಿಲ್ಲವೆಂದು ವೈದ್ಯರೇ ಹೇಳಿದ್ದರು, ಅಣ್ಣ ಆಗ ಊರಲ್ಲೇ ಇರಲಿಲ್ಲ. ಬೆರಳು ಮೇಲೇರಿತು, ಹಾಗೆಯೇ ಇಳಿಯಿತು. "ಹೌದು ಅಣ್ಣ, ನಾನೇ ಅಂದಿದ್ದು. ಆ ನಾಳೆ ಬರ್ಲೇ ಇಲ್ಲ."

ಮುಂದಿನ ಏಟಿಗೆ ಸಿದ್ಧವಾಗಿದ್ದ ಚೌರಪ್ಪನವರು ತಾವೇ ತಮ್ಮನ ವಕೀಲರಾದರು: "ನಿನಗೆ ಮಾತ್ರ ಏನು ಗೊತ್ತಿತ್ತೋ? ಡಾಕ್ಟ್ರೇ ಏನೂ ಆಗಲ್ಲ ಅಂದಿದ್ರಂತೆ. ನಾನಾದ್ರೂ ಊರಲ್ಲಿದ್ನಾ?" ಹಾಗೆನ್ನುತ್ತ ಬಾಗಿಲಿನಿಂದ ಸರಿದು, ತಮ್ಮನ ರಟ್ಟೆ ಹಿಡಿದು ಒಳಕ್ಕೆಳೆದುಕೊಂಡರು.

ಶುಭ ಶುಕ್ರವಾರದ ಶಿಲುಬೆಹಾದಿಯ ಪ್ರಾರ್ಥನೆಯಲ್ಲಿ ಇಬ್ಬರೂ ಜೊತೆಯಾಗಿ ಮಂಡಿಯೂರಿದರು. ವ್ರತ ಮುಗಿದ ಪಾಸ್ಕ ಹಬ್ಬದ ಮಧ್ಯಾಹ್ನ, ತಮ್ಮನ ಮನೆಯಲ್ಲಿ ಊಟಕ್ಕೆ ಕೂತು, ಸಾರಿಗೆ ಖಾರ ಸಾಕೋ ಸಾಲದೋ ಎಂಬ ವಿಷಯದಲ್ಲಿ ಸೂರು ಹಾರುವಂತೆ ವಾದಿಸಿದರು, ಜ್ಞಾನಮ್ಮ ತಡೆಯಲಿಲ್ಲ.

ಇಂಥ ವಾದಪ್ರಿಯರನ್ನು ನಾವು ಅಹಂಕಾರಿಗಳೆಂದು ದೂರವಿಡುತ್ತೇವೆ. ಆದರೆ ಲೋಕದ ಮಾತನ್ನೆಲ್ಲ ಅವರು ಗೆಲ್ಲುತ್ತ ಹೋಗುವುದು ಬಹುಪಾಲು ತಮ್ಮೊಳಗಿನ ಒಂದೇ ಒಂದು ಮಾತು ಕೇಳಿಸದಿರಲೆಂದು. ಅದನ್ನು ಒಮ್ಮೆ ಕೇಳಿಸಿಕೊಂಡರೋ, ಆಮೇಲೆ ಅವರಷ್ಟು ಧೈರ್ಯವಂತರಿಲ್ಲ; ಸೋಲುವುದಕ್ಕೂ ಹಬ್ಬಕ್ಕೆ ಹೊರಟವರಂತೆ ಹೊರಡುತ್ತಾರೆ.