ಪೋರ್ಚುಗಲ್ ಕುರ್ಚಿಯ ನಕಲು ನಾನು

ನಾನು ಒಂದು ಕುರ್ಚಿ. ಬೆತ್ತದ ಬೆನ್ನು, ಎರಡು ಕೈ, ಬೀಟೆ ಮರದ ಮೈ. ಮಂಗಳೂರಿನ ಒಂದು ಪೀಠೋಪಕರಣದ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ವಾಮನ ಆಚಾರ್ಯರು ನನ್ನನ್ನು ಮಾಡಿದರು. ಮಾಡುವಾಗ ಅವರ ಕಣ್ಣು ನನ್ನ ಮೇಲಿದ್ದದ್ದಕ್ಕಿಂತ ಪಕ್ಕದ ಹಳೆಯ ಕುರ್ಚಿಯ ಮೇಲಿದ್ದದ್ದೇ ಹೆಚ್ಚು.

ಅದನ್ನು ಅಂಗಡಿಯ ಒಡತಿ, ಎಲ್ಲರೂ ಬರೀ 'ಬಾಯಿ' ಎಂದು ಕರೆಯುವ ಐರಿನ್ ಬಾಯಿ, ಪೋರ್ಚುಗಲ್‌ನ ಹಳೆ ಸಾಮಾನಿನ ಸಂತೆಯಲ್ಲಿ ಕೊಂಡು ತಂದಿದ್ದರು. ವರ್ಷಕ್ಕೊಮ್ಮೆ ಯುರೋಪ್ ಸುತ್ತಿ ಇಂಥದ್ದೊಂದನ್ನು ತರುವುದು, ಅದರಂತೆಯೇ ಆರು ಮಾಡಿಸಿ ಮಾರುವುದು ಅವರ ಕ್ರಮ. ನಾನು ಆ ಆರರಲ್ಲಿ ಮೊದಲನೆಯವ, ಮಾದರಿ. ಹಳೆಯದಾಗಿ ಕಾಣಲೆಂದು ಆಚಾರ್ಯರು ನನ್ನನ್ನು ಸೈಕಲ್ ಚೈನಿನಿಂದ ಹೊಡೆದರು, ಕೈಗಳನ್ನು ತಿಕ್ಕಿ ಸವೆಸಿದರು. ನೋವಿಗಿಂತ ನನಗೆ ನಾಚಿಕೆಯೇ ಹೆಚ್ಚಾಯಿತು. ಇನ್ನೂ ಯಾರೂ ಕೂರದ ನನ್ನ ಮೈಮೇಲೆ ಯಾರ್ಯಾರೋ ಕೂತ ಗುರುತುಗಳು.

ಮೂಲ ಕುರ್ಚಿಯನ್ನು ಡಾಕ್ಟರ್ ಬಲ್ಲಾಳರು ತಮ್ಮ ಹಳೆ ವಸ್ತುಗಳ ಸಂಗ್ರಹಕ್ಕೆ ಕೇಳಿದ್ದರು. ಕೊಡುವುದಾಗಿ ಮಾತು ಕೊಟ್ಟ ಬಾಯಿ, ಅದನ್ನು ಆಚಾರ್ಯರಿಗೆ ಒಪ್ಪಿಸಿ ಇಟಲಿಗೆ ಹೋದರು. ಅಷ್ಟರಲ್ಲಿ ಆಯುಧಪೂಜೆ ಬಂತು. ಆ ದಿನ ಶೆಡ್ಡಿನ ಉಳಿ, ಗರಗಸ, ಯಂತ್ರ ಎಲ್ಲವೂ ತೊಳೆದು ಹೊಳೆಯಬೇಕು. ಪಾಲಿಶ್ ಕೆಲಸದ ಲೋಕಯ್ಯ ಹಿಂದಿನ ದಿನ ಒಬ್ಬನೇ ಕೂತು ಎಲ್ಲವನ್ನೂ ಹೊಳೆಯಿಸಿದ. ಪೋರ್ಚುಗಲ್ ಕುರ್ಚಿಯನ್ನೂ.

ಹಬ್ಬದ ಬೆಳಿಗ್ಗೆ ಆಚಾರ್ಯರು ಬಾಗಿಲಲ್ಲೇ ನಿಂತುಬಿಟ್ಟರು.

"ಹಬ್ಬ ಅಲ್ವಾ ಆಚಾರ್ರೆ," ಎಂದ ಲೋಕಯ್ಯ. "ಅದೊಂದೇ ಕೊಳಕಾಗಿ ಇತ್ತು. ಪಾಪ ಅಂತ ತಿಕ್ಕಿದೆ."

"ನೂರೈವತ್ತು ವರ್ಷದ ಬಣ್ಣ ಮಾರಾಯ, ಬೆಲೆ ಇದ್ದದ್ದೇ ಅದಕ್ಕೆ. ಒಂದೇ ದಿನದಲ್ಲಿ ತೆಗೆದುಬಿಟ್ಟಿಯಲ್ಲ."

ಲೋಕಯ್ಯ ಹತ್ತಿರ ಬಂದ. "ಬಾಯಿಗೆ ಹೇಳ್ಬೇಡಿ. ನನ್ನನ್ನು ಕೆಲಸದಲ್ಲಿ ಇಡ್ಲಿಕ್ಕಿಲ್ಲ ಅವರು."

ಆಚಾರ್ಯರು ನನ್ನನ್ನೊಮ್ಮೆ, ಆ ಕುರ್ಚಿಯನ್ನೊಮ್ಮೆ ನೋಡಿದರು. ಈಗ ಅದು ಹೊಸದರಂತಿತ್ತು, ನಾನು ಹಳೆಯದರಂತಿದ್ದೆ.

ಮರುದಿನ ಊರಿಗೆ ಮರಳಿದ ಬಾಯಿ ನೇರ ಶೆಡ್ಡಿಗೆ ಬಂದರು. ಹಿಂದೆಯೇ ಬಲ್ಲಾಳರು. ಬಾಯಿ ಒಂದು ಕ್ಷಣವೂ ಅನುಮಾನಿಸದೆ ನನ್ನ ಮೇಲೆ ಕೈಯಿಟ್ಟು, "ನೋಡಿ ಡಾಕ್ಟ್ರೆ, ಇದೇ," ಎಂದರು. ಬಲ್ಲಾಳರು ಕನ್ನಡಕ ಏರಿಸಿ ನನ್ನ ಸವೆದ ಕೈಗಳನ್ನು ಸವರಿದರು. "ಆಹಾ, ಎಷ್ಟು ಜನ ಕೂತಿರ್ಬೇಕು ಇದರಲ್ಲಿ."

ಅಲ್ಲವೆಂದು ಹೇಳಲು ನನಗೆ ನಾಲಿಗೆಯಿಲ್ಲ. ಇದ್ದಿದ್ದರೂ ಹೇಳುತ್ತಿದ್ದೆನೇ? ಖಚಿತವಿಲ್ಲ. ಆ ಹೊಗಳಿಕೆ ನನಗೆ ಹಿತವಾಗಿತ್ತು.

"ಆಚಾರ್ರೆ, ಎಂತ ನಿಂತದ್ದು? ಬಟ್ಟೆ ಸುತ್ತಿ," ಎಂದರು ಬಾಯಿ.

"ಬಾಯಿ, ಇದು ಅದಲ್ಲ. ಇದು ನಾನು ಮಾಡಿದ್ದು."

"ತಮಾಷೆಗೆ ಇವತ್ತೇ ದಿನ ಸಿಕ್ಕಿದ್ದಾ ನಿಮಗೆ?"

"ಅಲ್ಲಿ ಹೊಳೀತಾ ಉಂಟಲ್ಲ, ಅದು ಪೋರ್ಚುಗಲ್‌ನದ್ದು."

ಬಾಯಿ ಅದರ ಹತ್ತಿರ ಹೋಗಿ ಬಗ್ಗಿ ನೋಡಿದರು. "ಯಾರು ಪಾಲಿಶ್ ಹೊಡೆದದ್ದು?"

"ನನಗೆ ಒಪ್ಪಿಸಿ ಹೋದದ್ದು ನೀವು. ನಾನು ನೋಡಿಕೊಳ್ಬೇಕಿತ್ತು."

ಮರದ ರಾಶಿಯ ಹಿಂದಿನಿಂದ ಲೋಕಯ್ಯ ಮುಂದೆ ಬಂದ. "ನಾನು ಬಾಯಿ. ಹೊಡೆದದ್ದು ನಾನು."

ಬಲ್ಲಾಳರು ಕನ್ನಡಕ ತೆಗೆದು ಜೇಬಿಗಿಟ್ಟರು. "ಹಳೆ ಬಣ್ಣ ಹೋದದ್ದು ನನಗೆ ಬೇಡ. ನಕಲೂ ಬೇಡ." ಬಾಗಿಲ ಬಳಿ ತಿರುಗಿದರು. "ನೀವು ಹೇಳದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ ಆಚಾರ್ರೆ."

ಅವರ ಕಾರು ಹೋದ ಮೇಲೆ ಬಾಯಿ ನನ್ನ ಮೇಲೆ ಕುಸಿದು ಕೂತರು. ನನ್ನಲ್ಲಿ ಕೂತ ಮೊದಲ ಮನುಷ್ಯರು ಅವರೇ.

"ನಾಳೆಯಿಂದ ನಾನು ಬರ್ಬೇಕಾ ಬಾಯಿ?" ಲೋಕಯ್ಯ ನೆಲ ನೋಡುತ್ತಾ ಕೇಳಿದ.

ಬಾಯಿ ಕೂತಲ್ಲಿಂದಲೇ ಹೇಳಿದರು: "ಬರದೆ? ಉಳಿದ ಐದಕ್ಕೆ ಪಾಲಿಶ್ ಹೊಡೀಲಿಕ್ಕೆ ನಿನ್ನ ಅಜ್ಜ ಬರ್ತಾನಾ?"

ಇದೆಲ್ಲ ಆಗಿ ಇಪ್ಪತ್ತು ವರ್ಷ ಕಳೆದಿದೆ. ಆ ಐದು ಕುರ್ಚಿಗಳೂ ಪೋರ್ಚುಗಲ್ ಕುರ್ಚಿಯೂ ಯಾವ್ಯಾವುದೋ ಮನೆ ಸೇರಿದವು. ನನ್ನನ್ನು ಬಾಯಿ ಮಾರಲಿಲ್ಲ. ಬೆತ್ತ ಎರಡು ಸಲ ಬದಲಾಗಿ, ಅಂಗಡಿಯ ಕಿಟಕಿಯ ಪಕ್ಕ ನಿಂತಿದ್ದೇನೆ. ಬಂದವರು ನನ್ನನ್ನು ಸವರಿ, "ತುಂಬ ಹಳೇದಾ?" ಎಂದು ಕೇಳುತ್ತಾರೆ. "ಅಲ್ಲ. ನಮ್ಮ ವಾಮನ ಆಚಾರ್ರು ಮಾಡಿದ್ದು," ಎಂದು ಬಾಯಿ ಹೇಳಿ, ಬಂದವರ ಮುಖವನ್ನೇ ನೋಡುತ್ತಾರೆ. ನಾನೂ ನೋಡುತ್ತೇನೆ. ಕೆಲವರು ಕೈ ಹಿಂತೆಗೆದು ಹೊರಟುಹೋಗುತ್ತಾರೆ. ಕೆಲವರು ಕೂರುತ್ತಾರೆ. ಅವರ ಭಾರವನ್ನು ತಾಳುತ್ತೇನೋ ಇಲ್ಲವೋ ಎಂದು ನಾನು ಪ್ರತಿ ಸಲವೂ ಹೆದರುತ್ತೇನೆ. ಇದುವರೆಗೆ ತಾಳಿದ್ದೇನೆ.